ಎರಡು ಸಲ ತಟ್ಟುವ ಭಾಷೆ

ಇದು ನಡೆದದ್ದು. ನನ್ನ ಎರಡೂ ಕಣ್ಣಾಣೆ. ಎಡಗಣ್ಣಿಗೆ ಪೊರೆ ಬಂದಿದೆಯಲ್ಲ, ಅದರ ಆಣೆ ಲೆಕ್ಕಕ್ಕಿಲ್ಲ ಅನ್ನಬೇಡಿ. ಇದು ನಡೆದಾಗ ಅದಕ್ಕೆ ಇರುವೆಯ ಮೀಸೆಯೂ ಕಾಣುತ್ತಿತ್ತು. ಬೇರೆ ಕಥೆಗಳಿಗೆ ನಾನು ಸ್ವಲ್ಪ ಉಪ್ಪುಖಾರ ಹಚ್ಚುವುದುಂಟು, ಒಪ್ಪುತ್ತೇನೆ. ಇದಕ್ಕೆ ಹಚ್ಚಲು ಜಾಗವೇ ಇಲ್ಲ.

ಲೈಬ್ರರಿ ಅಕ್ಕ ಇಸ್ತ್ರಿ ಅಂಗಡಿಯ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಆರು ಮೇಜುಬಟ್ಟೆ, ಕಂಕುಳಲ್ಲಿ ಸುರುಳಿ ಸುತ್ತಿದ ಕಾಗದ. ಬೀದಿಯವರೆಲ್ಲ ಸೇರಿ ಯಾವುದಾದರೂ ದೂರದ ಭಾಷೆಗೊಂದು ಸಂಭ್ರಮ ಮಾಡಬೇಕು ಅಂತ ಲೈಬ್ರರಿಯ ಮೇಲಿನವರಿಂದ ಆಜ್ಞೆ ಬಂದಿತ್ತು. ಚೀಟಿ ಎತ್ತಿದಾಗ ಬಂದದ್ದು ಫ್ರೆಂಚ್. ಯಾರಿಗಾದರೂ ಒಂದೇ ಒಂದು ಫ್ರೆಂಚ್ ಮಾತು ಬರುತ್ತದೆಯೇ ಅಂತ ಅಕ್ಕ ಬೀದಿಯ ಎರಡೂ ಬದಿ ಬಾಗಿಲು ಬಡಿದಿದ್ದರು. ತನಗೆ ಬರುವುದು ಫ್ರೆಂಚ್ ಬ್ರೆಡ್ ಮಾತ್ರ, ಅದೂ ಒಮ್ಮೊಮ್ಮೆ ಬಾಳೆಹಣ್ಣಿನ ಹಾಗೆ ಬಾಗಿಹೋಗುತ್ತದೆ ಅಂದಿದ್ದರು ಬೇಕರಿ ಅತ್ತೆ. ಇಸ್ತ್ರಿ ಅಂಗಡಿಯ ಪಕ್ಕದ ಮಳಿಗೆಯಲ್ಲಿ ಬೀಗದ ಕೈ ಮಾಡಿಕೊಡುವವನು ನಾನು. ಬರುತ್ತದೆ, ಆದರೆ ಈಗ ಪುರುಸೊತ್ತಿಲ್ಲ ಅಂದಿದ್ದೆ.

ಇಸ್ತ್ರಿಯವನನ್ನು ಕೇಳಬೇಕು ಅಂತ ಅಕ್ಕನಿಗೆ ಅನ್ನಿಸಿಯೂ ಇರಲಿಲ್ಲ. ಬಟ್ಟೆ ಕೊಟ್ಟರು, ಯಾವಾಗ ಸಿಗುತ್ತದೆ ಅಂದರು, ಬಾಯಿಗೆ ಬಂತು ಅಂತ ವಿಷಯ ಹೇಳಿದರು. ಅವನು ಇಸ್ತ್ರಿ ಪೆಟ್ಟಿಗೆಯಿಂದ ಕಣ್ಣೆತ್ತದೆ ಅಂದ:

"ಬೊ ಬೊ ಬೊಂಜೂರ್."

ನಮ್ಮಿಬ್ಬರ ಮಳಿಗೆಗಳ ನಡುವೆ ಇರುವುದು ಬರೀ ಹಲಗೆಯ ಗೋಡೆ. ಈ ಕಡೆ ಬೀಗದ ಕೈ ಉಜ್ಜುತ್ತಿದ್ದ ನನ್ನ ಅರ ನಿಂತುಹೋಯಿತು.

ಅವನನ್ನು ನಾವೆಲ್ಲ ಗರಿಗರಿ ಅನ್ನುತ್ತಿದ್ದೆವು. ಅವನು ಇಸ್ತ್ರಿ ಮಾಡಿದ ಕಾಲರಿನ ಅಂಚಿನಿಂದ ಸೌತೆಕಾಯಿ ಹೆಚ್ಚಬಹುದಿತ್ತು. ಅಂಚೆಯವನು ಒಮ್ಮೆ ಅವನ ಕೈಯಿಂದ ಬಂದ ಪ್ಯಾಂಟು ಬಿಚ್ಚಿ ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಪ್ಯಾಂಟು ಗೋಡೆಗೊರಗಿ ತಾನಾಗಿ ನಿಂತಿತ್ತಂತೆ. ಇದು ಅಂಚೆಯವನ ಮಾತು, ನನ್ನದಲ್ಲ. ಈ ಬೊಂಜೂರಿಗೆ ಆರು ವರ್ಷ ಮುಂಚೆ ಗರಿಗರಿಯ ಹೆಂಡತಿ ತೀರಿಕೊಂಡಿದ್ದಳು. ಮಕ್ಕಳಿರಲಿಲ್ಲ. ಅಲ್ಲಿಂದಾಚೆ ಅವನ ಬಾಯಲ್ಲಿ ಉಳಿದದ್ದು ಎರಡೇ ಮಾತು, "ಸಂಜೆ" ಮತ್ತು "ನಾಳೆ". ಬಟ್ಟೆ ಕೊಡುವವರಿಗೆ ಅಷ್ಟು ಸಾಕಿತ್ತು. ರಜೆಯ ದಿನ ಮನೆಯಲ್ಲಿರಲಾರದೆ ಅಂಗಡಿಗೇ ಬಂದು, ಒಳಗಿನಿಂದ ಬಾಗಿಲು ಹಾಕಿಕೊಂಡು, ಆಗಲೇ ಇಸ್ತ್ರಿಯಾದ ಬಟ್ಟೆಗಳನ್ನು ಬಿಡಿಸಿ ಮತ್ತೆ ಇಸ್ತ್ರಿ ಮಾಡುತ್ತಿದ್ದ. ಹಲಗೆಯ ಸಂದಿಯಲ್ಲಿ ನಾನೇ ನೋಡಿದ್ದೇನೆ.

ಮದುವೆಗೆ ಮುಂಚೆ ಅವನು ಹನ್ನೊಂದು ವರ್ಷ ಹಡಗಿನಲ್ಲಿದ್ದ ಅಂತ ನಮಗೆ ಗೊತ್ತಾದದ್ದು ಆ ಬೊಂಜೂರ್ ಆದಮೇಲೆ. ಪ್ರಯಾಣಿಕರ ಹಡಗಂತೆ, ಊರಿನಷ್ಟು ದೊಡ್ಡದು. ಅದರ ಹೊಟ್ಟೆಯೊಳಗೆ, ನೀರಿನ ಮಟ್ಟಕ್ಕಿಂತ ಕೆಳಗೆ, ಒಗೆದು ಇಸ್ತ್ರಿ ಮಾಡುವ ಕಿಟಕಿಯಿಲ್ಲದ ಬಟ್ಟೆಮನೆ. ಹತ್ತು ದೇಶದ ಹತ್ತು ಜನ, ಒಬ್ಬನ ಮಾತು ಇನ್ನೊಬ್ಬನಿಗೆ ಬಾರದು. ಮೇಲಿನಿಂದ ಗಂಟೆ ಹೊಡೆದರೆ ಕೆಲಸ, ಇನ್ನೊಮ್ಮೆ ಹೊಡೆದರೆ ಊಟ. ಆ ಹಡಗಿನಲ್ಲಿ ಫ್ರೆಂಚ್‌ನವನು ಅಂತ ಇದ್ದವನು ಒಬ್ಬನೇ, ಬಟ್ಟೆಮನೆಯ ಮೇಸ್ತ್ರಿ. ಬೋಳುತಲೆ, ಹಲಸಿನಕಾಯಿಯಂಥ ಮುಷ್ಟಿ. ಹಬೆಯ ಯಂತ್ರದ ಆ ಬದಿಗೆ ಮೇಸ್ತ್ರಿ, ಈ ಬದಿಗೆ ಗರಿಗರಿ. ಹಾಸಿಗೆ ಬಟ್ಟೆಯ ಎರಡು ತುದಿ ಹಿಡಿದು ಎದುರುಬದುರು ನಿಂತು ಹನ್ನೊಂದು ವರ್ಷ. ಮೇಸ್ತ್ರಿ ಒಂದೊಂದೇ ಮಾತು ಕೊಟ್ಟ, ಇವನು ಒಂದೊಂದೇ ಇಸಕೊಂಡ. ಬೇರೆ ಯಾವ ಫ್ರೆಂಚರ ಜೊತೆಗೂ ಇವನು ಮಾತಾಡಿದವನಲ್ಲ.

ಮುಂದಿನ ಶನಿವಾರದಿಂದ ಇಸ್ತ್ರಿ ಅಂಗಡಿಯಲ್ಲಿ ಪಾಠ ಶುರುವಾಯಿತು. ಮೊದಲ ದಿನ ಅಕ್ಕ, ಬೇಕರಿ ಅತ್ತೆ ಮತ್ತು ನಾನು. ಗರಿಗರಿ ನಮ್ಮನ್ನು ಮಡಿಸಿದ ಬಟ್ಟೆಗಳ ನಡುವೆ ಕೂರಿಸಿ ಮೊದಲ ನಿಯಮ ಹೇಳಿದ. ಫ್ರೆಂಚರು ಬಹಳ ಮರ್ಯಾದಸ್ಥರು. ಮಾತು ಅಂದರೆ ಇನ್ನೊಬ್ಬರ ಮನೆಯೊಳಗೆ ಹೋದ ಹಾಗೆ, ಏಕಾಏಕಿ ನುಗ್ಗುವ ಹಾಗಿಲ್ಲ. ಬಾಗಿಲು ಎರಡು ಸಲ ತಟ್ಟಬೇಕು, ಮೂರನೆಯದಕ್ಕೆ ಒಳಗೆ ಕಾಲಿಡಬೇಕು. ನಮಸ್ಕಾರಕ್ಕೆ ಬೊ, ಬೊ, ಬೊಂಜೂರ್. ಥ್ಯಾಂಕ್ಸಿಗೆ ಮೆ, ಮೆ, ಮೆರ್ಸಿ. ಕೋಪ ಬಂದರೆ ನಾಲ್ಕೈದು ಸಲ ತಟ್ಟಬಹುದು. ಹಾಡುವಾಗ ಮಾತ್ರ ತಟ್ಟಬೇಕಿಲ್ಲ, ಆಗ ಬಾಗಿಲು ತೆರೆದೇ ಇರುತ್ತದೆ.

ಬೀಗದವನು ನಾನು, ಬಾಗಿಲಿನ ಮಾತು ನನಗೆ ಒಂದೇ ಸಲಕ್ಕೆ ಹಿಡಿಸಿತು. ಅಕ್ಕನಿಗೆ ಅನುಮಾನ. ಪುಸ್ತಕದಲ್ಲಿ ಒಂದೇ ಬೊ ಇದೆಯಲ್ಲ ಅಂದರು.

"ಆ ಜನ ಬರೆದದ್ದರಲ್ಲಿ ಅರ್ಧ ನುಂಗ್ತಾರೆ ಅಂತ ನೀವೇ ಹೇಳಿದ್ರಲ್ಲಮ್ಮ," ಅಂದ ಗರಿಗರಿ. "ಬರೀದೇ ಇರೋದನ್ನ ಸ್ವಲ್ಪ ಹೆಚ್ಚಿಗೆ ಹೇಳ್ತಾರೆ. ಅಲ್ಲಿಗಲ್ಲಿಗೆ ಸರಿಹೋಯ್ತು."

ಅಕ್ಕ ಪುಸ್ತಕ ಮುಚ್ಚಿದರು. ಸಿನಿಮಾದಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲವಲ್ಲ ಅಂತ ಮುಂದಿನ ವಾರ ಸೇರಿಕೊಂಡ ಅಂಚೆಯವನು ತಗಾದೆ ತೆಗೆದದ್ದಕ್ಕೆ, ಸಿನಿಮಾದವರಿಗೆ ರೀಲು ಖರ್ಚಾಗುತ್ತದೆ, ಅದಕ್ಕೇ ತಟ್ಟದೆ ನುಗ್ಗುತ್ತಾರೆ ಅಂತ ಉತ್ತರ ಬಂತು.

ಎರಡು ತಿಂಗಳಲ್ಲಿ ನಾವು ಇಪ್ಪತ್ತೆರಡು ಜನ ಆದೆವು. ಎಂಟಡಿಗೆ ಹತ್ತಡಿಯ ಅಂಗಡಿಯಲ್ಲಿ ಇಪ್ಪತ್ತೆರಡು ಜನ ಹೇಗೆ ಹಿಡಿದರು ಅಂತ ಕೇಳುತ್ತೀರಿ. ನಮ್ಮನ್ನೂ ಅವನು ಮಡಿಸಿಯೇ ಇಟ್ಟಿದ್ದ ಅಂತ ಇಟ್ಟುಕೊಳ್ಳಿ. ಬೆಳಿಗ್ಗೆ ಬೇಕರಿಗೆ ಹೋದರೆ ಬೊ ಬೊ ಬೊಂಜೂರ್, ಬ್ರೆಡ್ ಇಸಕೊಂಡರೆ ಮೆ ಮೆ ಮೆರ್ಸಿ. ಬಸ್ಸಿನವನಿಗೂ ಅಂಟಿಕೊಂಡಿತು; ನಮ್ಮ ಬೀದಿಯ ನಿಲ್ದಾಣದಲ್ಲಿ ಅವನು ಹಾರ್ನನ್ನೂ ಎರಡು ಸಲ ಮೆಲ್ಲಗೆ, ಮೂರನೆಯದು ಜೋರಾಗಿ ಹೊಡೆಯುತ್ತಿದ್ದ.

ಗರಿಗರಿ ಬೇರೆ ಮನುಷ್ಯನೇ ಆದ. ಬಟ್ಟೆ ತಂದವರಿಗೆ "ಸಂಜೆ" ಅನ್ನುವುದು ಬಿಟ್ಟು ಕೂತುಕೊಳ್ಳಿ ಅನ್ನತೊಡಗಿದ. ಎರಡು ಬೆಂಚು ತಂದ, ಸಾಲದು ಅಂತ ಮನೆಯಿಂದ ಹೆಂಡತಿಯ ಹೊಲಿಗೆ ಯಂತ್ರದ ಸ್ಟೂಲೂ ಬಂತು. ಪಾಠ ಮುಗಿದ ಮೇಲೂ ಯಾರಾದರೂ ಇಬ್ಬರು ಮೂವರು ಉಳಿಯುತ್ತಿದ್ದರು. ಅವರು ಎದ್ದರೆ ಅವನು ಇನ್ನೊಂದು ಮಾತು ನೆನಪಾಯಿತು ಅನ್ನುತ್ತಿದ್ದ, ಅವರು ಮತ್ತೆ ಕೂರುತ್ತಿದ್ದರು. ಇದೆಲ್ಲ ಹಲಗೆಯ ಈಚೆ ನನಗೆ ಕೇಳುತ್ತಿತ್ತು. ಸಂಭ್ರಮ ಮುಗಿದ ಮೇಲೂ ಶನಿವಾರಗಳು ಉಳಿಯಬೇಕು, ಅವನಿಗೆ ಬೇಕಾದದ್ದು ಅಷ್ಟೇ. ಒಂದು ದಿನ ನನ್ನನ್ನು ನೇರವಾಗಿ ಕೇಳಿಯೂ ಬಿಟ್ಟ, ಆಮೇಲೂ ಬರುತ್ತೀರಿ ತಾನೇ ಅಂತ. ಎಲ್ಲಿಗೆ ಹೋಗುತ್ತೇವೆ ಅಣ್ಣ ಅಂದೆ.

ಸಂಭ್ರಮಕ್ಕೆ ಅಕ್ಕ ಏನೇನೋ ಗೊತ್ತುಮಾಡಿದ್ದರು. ಬೇಕರಿ ಅತ್ತೆ ನೇರ ನಿಲ್ಲುವ ಬ್ರೆಡ್ ಮಾಡಬೇಕು. ಎಲ್ಲಿಂದಲೋ ತರಿಸಿದ ಚೀಸ್ ಒಂದನ್ನು ಎಲ್ಲರೂ ರುಚಿ ನೋಡಬೇಕು. ಆ ಚೀಸ್ ಬಂದು ಲೈಬ್ರರಿಯಲ್ಲಿ ಕೂತ ಎರಡು ದಿನ ಮೇಲಿನ ಮಹಡಿಯವರು ಸತ್ತ ಇಲಿ ಹುಡುಕುತ್ತ ಮನೆಯ ಬೀರುಗಳನ್ನೆಲ್ಲ ಸರಿಸಿದರು. ಕಬ್ಬಿಣದ ಗುಂಡು ಎಸೆಯುವ ಫ್ರೆಂಚರ ಆಟಕ್ಕೆ ಗುಂಡು ಸಿಗಲಿಲ್ಲ, ನಾನು ಹಳೆಯ ಬಾಗಿಲುಗಳ ಹಿತ್ತಾಳೆ ಹಿಡಿಗಳನ್ನು ಬಿಚ್ಚಿ ಕೊಟ್ಟೆ. ಕೊನೆಗೊಂದು ಹಾಡು. ಇವೆಲ್ಲಕ್ಕಿಂತ ಮುಂಚೆ, ಮುಖ್ಯ ಅತಿಥಿಗೆ ಇಪ್ಪತ್ತೆರಡು ಜನ ಒಟ್ಟಿಗೆ ಫ್ರೆಂಚ್‌ನಲ್ಲಿ ಸ್ವಾಗತ ಹೇಳಬೇಕು.

ಅತಿಥಿ ಅಂದರೆ ಹುಟ್ಟು ಫ್ರೆಂಚ್ ಹೆಂಗಸು. ಊರಿನ ಇನ್ನೊಂದು ತುದಿಯಲ್ಲಿ ಒಬ್ಬರೇ ಇದ್ದರು, ನಿವೃತ್ತ ಟೀಚರು. ನೆಟ್ಟಗೆ, ತೆಳ್ಳಗೆ, ಬೆಳ್ಳಿಕೂದಲು. ನಮ್ಮ ಮಾತನ್ನು ಇಟ್ಟಿಗೆ ಜೋಡಿಸಿದ ಹಾಗೆ ಒಂದೊಂದೇ ಪದ ಇಟ್ಟು ಆಡುತ್ತಿದ್ದರು. ಅವರು ಬರುವ ದಿನ ಗರಿಗರಿ ನಮ್ಮೆಲ್ಲರ ಬಟ್ಟೆಯನ್ನೂ ತಾನೇ ಇಸ್ತ್ರಿ ಮಾಡಿಕೊಟ್ಟ. ಲೈಬ್ರರಿಯ ಹಾಲಿನಲ್ಲಿ ನಾವು ನಡೆದರೆ ಸಪ್ಪಳವಾಗುತ್ತಿತ್ತು. ಅವನು ಮುಂದೆ ನಿಂತು ಕೈ ಎತ್ತಿದ, ಇಳಿಸಿದ.

"ಬೊ ಬೊ ಬೊಂಜೂರ್, ಮ ಮ ಮದಾಮ್!"

ಇಪ್ಪತ್ತೆರಡು ಗಂಟಲು, ಒಂದೇ ತಾಳ. ಕಿಟಕಿಯ ಗಾಜು ನಡುಗಿತು. ಅತಿಥಿಯ ಮುಖದಲ್ಲಿದ್ದ ನಗು ಇದ್ದಲ್ಲೇ ನಿಂತಿತು. ನಾವು ಮುಂದುವರಿಸಿದೆವು, ನಮ್ಮ ಬೀದಿಗೆ ತಾವು ಬಂದದ್ದು ನಮಗೆ ಸಂತೋಷ ಅನ್ನುವುದನ್ನು ಒಂದೊಂದು ಮಾತಿಗೂ ಎರಡೆರಡು ಸಲ ತಟ್ಟಿ ಹೇಳಿ ಮುಗಿಸಿದೆವು. ಅಕ್ಕ ಚಪ್ಪಾಳೆ ತಟ್ಟಿದರು. ಅತಿಥಿ ತಟ್ಟಲಿಲ್ಲ. ಗರಿಗರಿಯ ಹತ್ತಿರ ಬಂದು, ಅವನೊಬ್ಬನಿಗೇ ಕೇಳಲಿ ಅಂತ ತಗ್ಗಿದ ದನಿಯಲ್ಲಿ ಕೇಳಿದರು. ಒಳ್ಳೆಯ ಹೆಂಗಸು, ಅವಮಾನ ಮಾಡುವ ಉದ್ದೇಶ ಅವರಿಗೆ ಎಳ್ಳಷ್ಟೂ ಇರಲಿಲ್ಲ. ಆದರೆ ಅಕ್ಕ ಕೊಟ್ಟ ಮೈಕು ಅವರ ಕೈಯಲ್ಲೇ ಇತ್ತು, ಅದು ಅವರಿಗೆ ಮರೆತೇಹೋಗಿತ್ತು.

"ನಿಮಗೆ ಯಾರು ಕಲಿಸಿದರು?"

"ನಮ್ಮ ಮೇಸ್ತ್ರಿ."

"ಅವರಿಗೆ ಉಗ್ಗು ಇತ್ತೇ?"

"ಇಲ್ಲಮ್ಮ," ಅಂದ ಗರಿಗರಿ. "ಅವರು ಫ್ರೆಂಚ್ ಮಾತಾಡ್ತಿದ್ರು."

ಹಾಲಿನ ನಾಲ್ಕೂ ಮೂಲೆಯ ಸ್ಪೀಕರ್ ಪೆಟ್ಟಿಗೆಗಳಿಂದ ಇದು ಕೇಳಿತು. ಆಮೇಲೆ ಯಾರೋ ನಕ್ಕರು. ಯಾರೋ ಏನು, ನಾನೇ ನಕ್ಕೆ. ತಡೆದುಕೊಳ್ಳಲು ನೋಡಿದೆ, ಮೂಗಿನಿಂದ ಹೊರಗೆ ಬಂತು. ನನ್ನಿಂದ ಅಂಚೆಯವನಿಗೆ ಹೋಯಿತು, ಅಂಚೆಯವನಿಂದ ಬೇಕರಿ ಅತ್ತೆಗೆ, ಮತ್ತೆ ಇಡೀ ಹಾಲೇ ಹೊಟ್ಟೆ ಹಿಡಿದುಕೊಂಡಿತು. ಮೂರು ತಿಂಗಳು ಇಡೀ ಬೀದಿ ಉಗ್ಗುವುದನ್ನು ಕಲಿತು ಸರ್ಟಿಫಿಕೇಟಿಗೆ ಕಾಯುತ್ತಿತ್ತು ಅಂದರೆ ಯಾರಿಗೆ ನಗು ಬರುವುದಿಲ್ಲ ಹೇಳಿ. ಗರಿಗರಿ ಕೂಡ ಸ್ವಲ್ಪ ನಕ್ಕ, ಎಲ್ಲರೂ ನಗುತ್ತಿದ್ದಾರಲ್ಲ ಅಂತ. ಅವನ ಎರಡೂ ಕೈ ಮಾತ್ರ ಮುಂದಕ್ಕೆ ಚಾಚಿ, ಇಲ್ಲದ ಬಟ್ಟೆಯ ತುದಿ ಹಿಡಿದ ಹಾಗೆ ಇದ್ದವು.

ಸಂಭ್ರಮ ಚೆನ್ನಾಗೇ ಆಯಿತು. ಬ್ರೆಡ್ ನೇರ ನಿಂತಿತು. ಚೀಸ್ ತಿಂದವರು ತಿನ್ನದವರಿಂದ ದೂರ ಕೂತರು. ಹಿತ್ತಾಳೆ ಹಿಡಿ ಎಸೆಯುವುದರಲ್ಲಿ ಅತಿಥಿ ಎಲ್ಲರನ್ನೂ ಸೋಲಿಸಿದರು. ಹಾಡಿನಲ್ಲಿ ತಟ್ಟುವ ಪ್ರಶ್ನೆಯೇ ಇರಲಿಲ್ಲ, ಅದು ಸೊಗಸಾಗಿ ಬಂತು. ಹೋಗುವಾಗ ಅತಿಥಿ, ನಿಮ್ಮ ಉತ್ಸಾಹ ದೊಡ್ಡದು, ಇಷ್ಟವಿದ್ದರೆ ಪ್ರತಿ ಗುರುವಾರ ಬಂದು ಸರಿಯಾದ ಉಚ್ಚಾರಣೆ ಕಲಿಸುತ್ತೇನೆ ಅಂದರು. ಎಲ್ಲರೂ ಕೈ ಎತ್ತಿದರು.

ಸಂಜೆ ಮೇಜುಬಟ್ಟೆ ಮಡಿಸಲು ಗರಿಗರಿ ಒಬ್ಬನೇ ಉಳಿದ. ನನಗೂ ಹೊರಡಲು ಕಾಲು ಬರಲಿಲ್ಲ, ಇನ್ನೊಂದು ತುದಿ ಹಿಡಿದೆ. ನಾಲ್ಕು ಬಟ್ಟೆ ಮಡಿಸಿದೆವು. ಐದನೆಯದಕ್ಕೆ ಅವನು ಬಾಯಿ ಬಿಟ್ಟ.

"ಮೊದಲ್ನೇ ದಿನ ಅವರು ಬೊಂಜೂರ್ ಅಂದ್ರು. ನಾನೂ ಹಾಗೇ, ಅವರು ಅಂದಹಾಗೇ ಅಂದೆ. ಒದ್ದೆ ಟವೆಲಿಂದ ಮುಖಕ್ಕೆ ಬಾರಿಸಿದ್ರು ತಮ್ಮಾ. ಯಾಕೆ ಅಂತ ಇವತ್ತಿನವರೆಗೂ ಗೊತ್ತಿರ್ಲಿಲ್ಲ."

ನಾನು ಬಟ್ಟೆಯ ಅಂಚು ಸರಿಮಾಡಿದೆ.

"ಮಾರನೇ ದಿನಾನೂ ಹಾಗೇ ಅಂದೆ. ಕೈ ಎತ್ತಿದ್ರು. ಎತ್ತಿದೋರು ನನ್ನ ಮುಖಾನೇ ನೋಡ್ತಾ ನಿಂತ್ಬಿಟ್ರು. ಆಮೇಲೆ ಹನ್ನೊಂದು ವರ್ಷ ಒಂದೇ ಒಂದು ಸಲ ತಿದ್ದಲಿಲ್ಲ. ಬೇರೆ ಯಾರ ಹತ್ರಾನೂ ಅವರು ಬಾಯಿ ಬಿಡ್ತಿರ್ಲಿಲ್ಲ, ಬೆರಳು ತೋರಿಸೋದು, ಅಷ್ಟೇ. ನನ್ನ ಹತ್ರ ಮಾತ್ರ ಹೊಳೆ ಹರಿದಹಾಗೆ ಮಾತಾಡೋರು. ನಾನು ಅದನ್ನ ಪ್ರೀತಿ ಅಂದ್ಕೊಂಡಿದ್ದೆ."

ಪ್ರೀತಿಯೇ ಅಲ್ಲವೇನಣ್ಣ ಅಂತ ನಾನು ಅನ್ನಬೇಕಿತ್ತು. ಆ ಮೇಸ್ತ್ರಿ ಈಗ ಎಲ್ಲಿದ್ದಾರೆ ಅಂತ ಮಾತ್ರ ಕೇಳಿದೆ. ಹಡಗಿನಲ್ಲೇ, ಯಂತ್ರದ ಆ ಬದಿಯಲ್ಲೇ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲವಂತೆ. ಅವರ ಕಡೆಯವರು ಅಂತ ಯಾರೂ ಬರಲಿಲ್ಲವಂತೆ. ಅದಾದ ಮೇಲೇ ಗರಿಗರಿ ಹಡಗು ಬಿಟ್ಟು ಇಳಿದದ್ದು.

ಗುರುವಾರದ ಪಾಠಕ್ಕೆ ಅವನೂ ಬಂದ. ಹಿಂದಿನ ಸಾಲಿನಲ್ಲಿ ಕೂತ. ಬೀದಿಯವರು ಕೆಟ್ಟವರಲ್ಲ, ಯಾರೂ ಅವನನ್ನು ಆಡಿಕೊಳ್ಳಲಿಲ್ಲ. ಆದರೆ ಶನಿವಾರ ಅವನ ಬೆಂಚುಗಳ ಮೇಲೆ ಯಾರೂ ಕೂರಲಿಲ್ಲ. ಒಂದು ವಾರಕ್ಕೆ ಎರಡು ಪಾಠ ಯಾಕೆ, ಅದೂ ಒಂದು ಕಲಿಸಿದ್ದನ್ನು ಇನ್ನೊಂದು ಅಳಿಸುವಾಗ. ಟೀಚರಮ್ಮ ಅವನ ಮೇಲೆ ವಿಶೇಷ ಕಾಳಜಿ ಇಟ್ಟರು. ಉಸಿರು ಎಳೆದು, ನಿಧಾನವಾಗಿ, ತುಟಿ ಸಡಿಲ ಬಿಟ್ಟು. ಮೂರನೆಯ ಗುರುವಾರ ಅವನ ಬಾಯಿಂದ "ಬೊಂಜೂರ್" ಒಂದೇ ಏಟಿಗೆ ಬಂತು, ಅವನ ಕೈಯಲ್ಲಿ ಗೆರೆ ಬಿದ್ದ ಅಂಗಿತೋಳಿನ ಹಾಗೆ ನೀಟಾಗಿ. ನಾವೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದೆವು.

ಮಾರನೆಯ ದಿನ ಹಲಗೆಯ ಆಚೆ ಪೆಟ್ಟಿಗೆಯ ಸದ್ದೇ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವನು ನನ್ನ ಮಳಿಗೆಗೆ ಬಂದ. ಸೂಟುಬೂಟು ಹಾಕಿದ ಗಿರಾಕಿಯೊಬ್ಬರು ಅವರ ಕಾರಿನ ಬೀಗದ ಕೈಗೆ ಕಾಯುತ್ತ ನಿಂತಿದ್ದರು. ಗರಿಗರಿ ಅವರನ್ನು ನೋಡಲೂ ಇಲ್ಲ. ಅವನ ಅಂಗಿ ಸುಕ್ಕಾಗಿತ್ತು. ಅವನ ಮೈಮೇಲೆ ಸುಕ್ಕಾದ ಅಂಗಿಯನ್ನು ನಾನು ನೋಡಿದ್ದು ಅದೇ ಮೊದಲು.

"ತಮ್ಮಾ," ಅಂದ, "ಬೆಳಿಗ್ಗೆಯಿಂದ ನಮ್ಮ ಮೇಸ್ತ್ರಿ ದನಿ ನನಗೆ ಬರ್ತಾ ಇಲ್ಲ. ಮುಖ ಬರುತ್ತೆ, ಬಾಯಿ ಅಲ್ಲಾಡುತ್ತೆ, ದನಿ ಇಲ್ಲ. ನೆನಪು ಮಾಡ್ಕೊಂಡ್ರೆ ಆ ಟೀಚರಮ್ಮನ ದನಿ ಬರುತ್ತೆ. ನಿನಗೆ ನಾನು ಕಲಿಸಿದ್ನಲ್ಲ. ಅವರು ಹೇಗೆ ಅಂತಿದ್ರು, ಒಂದ್ಸಲ ಅಂದು ತೋರಿಸಪ್ಪ."

ನೋಡಿ, ನನಗೆ ಬರುತ್ತಿತ್ತು. ಮೂರು ತಿಂಗಳು ಬೆಳಿಗ್ಗೆ ಸಂಜೆ ಅಂದವನು ನಾನು. ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಆ ಗಿರಾಕಿ ನನ್ನನ್ನೇ ನೋಡುತ್ತಿದ್ದರು, ಟೈ ಕಟ್ಟಿದ್ದರು. ಅವರ ಎದುರು ನಾನು ಉಗ್ಗಬೇಕೆ?

"ಬೊಂಜೂರ್," ಅಂದೆ. ಒಂದೇ ಏಟಿಗೆ, ಗುರುವಾರ ಹೇಳಿಕೊಟ್ಟ ಹಾಗೆ.

ಗರಿಗರಿ ಸ್ವಲ್ಪ ಹೊತ್ತು ಕಾದ, ಇದು ಪೀಠಿಕೆ ಇರಬಹುದು ಅನ್ನುವ ಹಾಗೆ. ಆಮೇಲೆ ತಲೆ ಆಡಿಸಿ, ಚೆನ್ನಾಗಿ ಬಂತು ಅಂದು ಹೊರಟುಹೋದ.

ಅಲ್ಲಿಂದಾಚೆ ಅವನು ಗುರುವಾರ ಬರಲಿಲ್ಲ. ಅಕ್ಕ ಎರಡು ಸಲ ಹೋಗಿ ಕರೆದರು. ಮಾಮ, ನೀವು ಬರದಿದ್ದರೆ ಬಿಕೋ ಅನ್ನಿಸುತ್ತದೆ ಅಂದರು. ನನ್ನ ಬಾಯಿ ತಿದ್ದಿದರೆ ಆ ಮನುಷ್ಯನ ಹಾಗೆ ಮಾತಾಡುವವರು ಪ್ರಪಂಚದಲ್ಲಿ ಒಬ್ಬರೂ ಉಳಿಯುವುದಿಲ್ಲಮ್ಮ ಅಂದನಂತೆ. ಅಕ್ಕ ಇನ್ನೇನು ಹೇಳುತ್ತಾರೆ, ಬಟ್ಟೆ ಯಾವಾಗ ಸಿಗುತ್ತದೆ ಅಂತ ಕೇಳಿದರು. ನಾಳೆ ಅಂದ. ನಾವು ಇಪ್ಪತ್ತೆರಡು ಜನ ಈಗ ಫ್ರೆಂಚನ್ನು ಎಷ್ಟು ಚೆನ್ನಾಗಿ ಆಡುತ್ತೇವೆ ಅಂದರೆ, ಮೊನ್ನೆ ಯಾರೋ ಪ್ರವಾಸಿಗರು ದಾರಿ ಕೇಳಿ, ನಾವು ಹೇಳಿದ ದಾರಿಯಲ್ಲೇ ಹೋಗಿ ಸರಿಯಾದ ಜಾಗಕ್ಕೇ ಮುಟ್ಟಿದರು.

ಸಾಯಂಕಾಲ ನಾನು ಅರ ಕೆಳಗಿಟ್ಟು ಸುಮ್ಮನೆ ಕೂತರೆ ಹಲಗೆಯ ಆಚೆಯಿಂದ ಕೇಳುತ್ತದೆ. ಪೆಟ್ಟಿಗೆ ಬಟ್ಟೆಯ ಮೇಲೆ ಕೂತ ಸದ್ದು, ಹಬೆ ಬಿಟ್ಟ ಸದ್ದು, ಆಮೇಲೆ ಅವನ ದನಿ. ಬೊ ಬೊ. ನಿಲ್ಲಿಸುತ್ತಾನೆ. ಎರಡು ತಟ್ಟಿನ ನಡುವಿನ ಜಾಗ ಹೆಚ್ಚಾಯಿತು ಅನ್ನಿಸುತ್ತದೋ ಏನೋ. ಮತ್ತೆ ಹಬೆ, ಮತ್ತೆ ಬೊ. ಕೆಲವು ದಿನ ಹತ್ತಿರಕ್ಕೆ ಬರುತ್ತದೆ, ನನಗೇ ಗೊತ್ತಾಗುತ್ತದೆ ಇನ್ನೊಂದು ಕೂದಲೆಳೆ ಅಂತ. ಹಲಗೆ ಅರ್ಧ ಇಂಚು ದಪ್ಪ ಇದೆ, ಅಷ್ಟೇ. ಈ ಕಡೆಯಿಂದ ನಾನು ಬೊ ಬೊ ಅಂದರೆ ಆ ಕಡೆ ಕೇಳುತ್ತದೆ.

ನೀವು ಇಷ್ಟು ಹೊತ್ತು ನಿಂತು ಕೇಳಿದಿರಿ, ಪುಣ್ಯಾತ್ಮರು. ನಿಮ್ಮ ಅಂಗಿಯ ಬೆನ್ನು ಒಮ್ಮೆ ನೋಡಿಕೊಳ್ಳಿ, ಆಕಳು ಮೆದ್ದ ಕಾಗದದ ಹಾಗಿದೆ. ಪಕ್ಕದ ಬಾಗಿಲೇ. ನಿಮ್ಮದನ್ನು ಕೊಡುವಾಗ ನನ್ನ ಈ ಬಿಳಿ ಅಂಗಿಯನ್ನೂ ಅದರ ಜೊತೆ ಸೇರಿಸಿ ಕೊಡಿ. ಯಾರದ್ದು ಅಂತ ಕೇಳಿದರೆ ನಿಮ್ಮ ತಮ್ಮನದು ಅನ್ನಿ. ನೀವು ಹೊಸಬರು, ಇಲ್ಲಿ ನಿಮ್ಮ ಗುರುತಿನವರು ಯಾರೂ ಇಲ್ಲ, ನಿಮಗೆ ನಾಚಿಕೆ ಯಾಕೆ? ಒಳಗೆ ಕಾಲಿಡುವಾಗ ಏನು ಅನ್ನಬೇಕು ಅಂತ ಗೊತ್ತಾಯಿತಲ್ಲ. ಎಲ್ಲಿ, ಇಲ್ಲೇ ಒಂದು ಸಲ ಅಂದು ತೋರಿಸಿ ನೋಡೋಣ. ಸ್ವಲ್ಪ ಜೋರಾಗಿ, ಹಲಗೆಯ ಕಡೆ ಮುಖ ಮಾಡಿ.